ಗ್ರೀಕರ ಹಳ್ಳಿಯ ಸಲಾಡು: ಕೋಳಿಮಾಂಸದೊಡನೆ ಒಂದು ಹೊತ್ತಿನ ಊಟ

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ದಿನಚರಿಯಲ್ಲಿ ಅತ್ಯಂತ ಅವ್ಯವಸ್ಥಿತವಾದುದು ರಾತ್ರಿಯ ಊಟವೆಂದರೆ ತಪ್ಪಾಗಲಾರದು. ಬೆಳಗಿನ ಉಪಾಹಾರ ಅವಸರದಲ್ಲಿ ಮುಗಿಯುತ್ತದೆ. ಮಧ್ಯಾಹ್ನದ ಊಟ ಡಬ್ಬಿಯಲ್ಲಿಯೋ ಕಚೇರಿಯ ಕ್ಯಾಂಟೀನಿನಲ್ಲಿಯೋ ಹೇಗೋ ನಡೆದುಹೋಗುತ್ತದೆ. ಲೋಕಲ್ ಗಾಡಿಯಲ್ಲಿಯೋ ಬಸ್ಸಿನಲ್ಲಿಯೋ ಗಂಟೆಗಟ್ಟಲೆ ನಿಂತು ಮನೆ ಸೇರಿದ ಮೇಲೆ, ರಾತ್ರಿ ಒಂಬತ್ತು-ಹತ್ತರ ಹೊತ್ತಿಗೆ, ದಿನವೆಲ್ಲ ತಡೆದಿಟ್ಟ ಹಸಿವು ಅನ್ನದ ರಾಶಿಯ ಮೇಲೆ ತೀರುತ್ತದೆ. ತಟ್ಟೆಯಲ್ಲಿ ಅನ್ನ ಹೆಚ್ಚು, ಪಲ್ಯ ಕಡಿಮೆ. ಹಸಿಯ ತರಕಾರಿಯೆಂದರೆ ಉಪ್ಪಿನಕಾಯಿಯ ಪಕ್ಕದಲ್ಲಿ ಒಂದೆರಡು ಸೌತೆಯ ಬಿಲ್ಲೆಗಳು ಮಾತ್ರ. ಹೀಗೆ ವರ್ಷಗಳು ಉರುಳಿ ವಯಸ್ಸು ನಲವತ್ತನ್ನು ದಾಟುವಾಗ, ರಕ್ತಪರೀಕ್ಷೆಯ ವರದಿಯಲ್ಲಿ ಸಕ್ಕರೆಯ ಅಂಶವೋ ಕೊಬ್ಬಿನ ಅಂಶವೋ ಏರಿರುವುದು ಕಾಣಿಸಿಕೊಳ್ಳುತ್ತದೆ. "ಅನ್ನ ಕಡಿಮೆ ಮಾಡಿ, ತರಕಾರಿ ಹೆಚ್ಚಿಸಿ" ಎಂದು ವೈದ್ಯರು ಹೇಳುತ್ತಾರೆ. ಅದನ್ನು ತಟ್ಟೆಯಲ್ಲಿ ಹೇಗೆ ಸಾಧಿಸುವುದೆಂಬುದು ಮಾತ್ರ ಮನೆಯವರಿಗೆ ಬಿಟ್ಟ ಸಮಸ್ಯೆ.

ಈ ಸಮಸ್ಯೆಗೆ ಗ್ರೀಸ್ ದೇಶದ ಹಳ್ಳಿಗಾಡಿನ ಒಂದು ತಿನಿಸು ಒಳ್ಳೆಯ ಉತ್ತರವಾಗಬಲ್ಲದು. ಒಲೆಯ ಕೆಲಸ ಅಲ್ಪ; ಸಾಮಗ್ರಿಗಳಲ್ಲಿ ಹೆಚ್ಚಿನವು ಪ್ರತಿಯೊಂದು ಸಂತೆಯಲ್ಲಿಯೂ ಸಿಗುವಂಥವು; ಬೇಯಿಸಿದ ಕೋಳಿಮಾಂಸ ಸೇರಿದರೆ ಅದೇ ಒಂದು ಹೊತ್ತಿನ ಊಟ. ಆದರೆ ಹಸಿಯ ತರಕಾರಿ ಮತ್ತು ಕೋಳಿಮಾಂಸ ಒಂದೇ ತಟ್ಟೆಯಲ್ಲಿ ಕೂಡುವುದರಿಂದ, ತಯಾರಿಕೆಯ ಕ್ರಮ ತಪ್ಪಿದರೆ ಆರೋಗ್ಯಕ್ಕೆಂದು ಮಾಡಿದ ಊಟವೇ ಅನಾರೋಗ್ಯಕ್ಕೆ ಕಾರಣವಾದೀತು. ಈ ಸಲಾಡಿನಲ್ಲಿ ಕೈಚಳಕಕ್ಕಿಂತ ಕ್ರಮವೇ ಮುಖ್ಯ.

ಮೂಲದ ಸಲಾಡು

ಗ್ರೀಕರು ಇದನ್ನು 'ಹೊರಿಯಾತಿಕಿ' ಎಂದು ಕರೆಯುತ್ತಾರೆ. ಈ ಮಾತಿಗೆ 'ಹಳ್ಳಿಯದು' ಎಂದು ಅರ್ಥ. ಟೊಮೇಟೊ, ಸೌತೆಕಾಯಿ, ಈರುಳ್ಳಿ, ಹಸಿರು ದೊಣ್ಣೆಮೆಣಸಿನಕಾಯಿ, ಉಪ್ಪುನೀರಿನಲ್ಲಿಟ್ಟ ಆಲಿವ್ ಕಾಯಿ, ಮೇಲೆ ಫೆಟಾ ಎಂಬ ಚೀಸಿನ ಒಂದು ದಪ್ಪ ಹೋಳು, ಒರೆಗಾನೊ ಎಂಬ ಸುಗಂಧದ ಒಣ ಎಲೆಯ ಪುಡಿ, ಧಾರಾಳವಾಗಿ ಆಲಿವ್ ಎಣ್ಣೆ: ಇಷ್ಟೇ ಇದರ ಮೂಲರೂಪ. ಹೋಟೆಲುಗಳಲ್ಲಿ ಕಾಣುವ ಲೆಟ್ಯೂಸ್ ಸೊಪ್ಪಿಗೆ ಹಳ್ಳಿಯ ಸಲಾಡಿನಲ್ಲಿ ಸ್ಥಾನವಿಲ್ಲ. ಕೋಳಿಮಾಂಸವೂ ಅದರ ಮೂಲ ಅಂಗವಲ್ಲ. ಸಲಾಡನ್ನೇ ಪೂರ್ಣ ಊಟವಾಗಿಸಲೆಂದು ಈಚಿನವರು ಸೇರಿಸಿಕೊಂಡದ್ದು.

ಇದರ ಎಲ್ಲ ಅಂಗಗಳೂ ಗ್ರೀಸಿನಲ್ಲಿ ಒಂದೇ ವಯಸ್ಸಿನವಲ್ಲ. ಆಲಿವ್ ಅಲ್ಲಿ ಪುರಾಣಕಾಲದ ಮರ. ಅಥೀನಾ ದೇವಿ ಅಥೆನ್ಸ್ ನಗರಕ್ಕೆ ಅದನ್ನು ವರವಾಗಿ ಕೊಟ್ಟಳೆಂದು ಐತಿಹ್ಯ. ಆ ನಗರದ ಪ್ರಾಚೀನ ಕ್ರೀಡೋತ್ಸವದಲ್ಲಿ ಗೆದ್ದವರಿಗೆ ಬಹುಮಾನವಾಗಿ ದೊರೆಯುತ್ತಿದ್ದುದು ಆಲಿವ್ ಎಣ್ಣೆ ತುಂಬಿದ ಚಿತ್ರಿತ ಹೂಜಿಗಳು. ಟೊಮೇಟೊ ಮತ್ತು ದೊಣ್ಣೆಮೆಣಸಿನಕಾಯಿಗಳಾದರೋ, ನಮ್ಮ ನಾಡಿಗೆ ಬಂದಂತೆಯೇ, ಅಮೆರಿಕ ಖಂಡದಿಂದ ಬಹಳ ತಡವಾಗಿ ಬಂದವು. ಫೆಟಾ ಕುರಿಯ ಹಾಲಿನಿಂದ, ಅಥವಾ ಶೇಕಡ 30ನ್ನು ಮೀರದಂತೆ ಆಡಿನ ಹಾಲು ಬೆರೆಸಿ ಮಾಡಿದ, ಉಪ್ಪುನೀರಿನಲ್ಲಿ ಹದಗೊಳಿಸಿದ ಚೀಸು. ಗ್ರೀಸಿನ ಗೊತ್ತಾದ ಪ್ರದೇಶಗಳಲ್ಲಿ ತಯಾರಾದುದಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂದು ಯೂರೋಪಿಯನ್ ಒಕ್ಕೂಟ 2002ರಲ್ಲಿ ವಿಧಿಸಿತು. 2005ರಲ್ಲಿ ಅಲ್ಲಿಯ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ವೈದ್ಯಲೋಕದ ಗಮನ ಈ ಕಡೆಗೆ ಹರಿದದ್ದು ಹೃದ್ರೋಗದ ಅಧ್ಯಯನಗಳಿಂದ. ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಅವರ ನೇತೃತ್ವದಲ್ಲಿ 1958ರಲ್ಲಿ ಆರಂಭವಾದ 'ಏಳು ದೇಶಗಳ ಅಧ್ಯಯನ'ದಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ಪುರುಷರಲ್ಲಿ ಹೃದ್ರೋಗದಿಂದಾಗುವ ಸಾವು ಅತಿ ಕಡಿಮೆಯೆಂದು ಕಂಡುಬಂದಿತು. ಅವರು ಸೇವಿಸುತ್ತಿದ್ದ ಕೊಬ್ಬು ಕಡಿಮೆಯದೇನೂ ಅಲ್ಲ. ಆದರೆ ಅದರ ಬಹುಪಾಲು ಆಲಿವ್ ಎಣ್ಣೆಯದಾಗಿತ್ತು. ಅದರೊಡನೆ ತರಕಾರಿ, ಕಾಳು, ಹಣ್ಣು, ಒರಟು ರೊಟ್ಟಿ ಹೇರಳವಾಗಿದ್ದವು, ಮಾಂಸ ಅಪರೂಪವಾಗಿತ್ತು. ಅವರು ಹೊಲದಲ್ಲಿ ಮೈಮುರಿದು ದುಡಿಯುವ ರೈತರೆಂಬುದನ್ನೂ ಮರೆಯಲಾಗದು. ಒಂದು ಬಟ್ಟಲು ಸಲಾಡು ತಿಂದ ಮಾತ್ರಕ್ಕೆ ಕ್ರೀಟಿನ ರೈತನ ಹೃದಯ ಯಾರಿಗೂ ದೊರೆಯದು. ದಿನದ ಇತರ ಊಟಗಳೂ ನಡಿಗೆಯೂ ಅದಕ್ಕೆ ಹೊಂದಿಕೊಂಡಾಗಲೇ ಅದರ ಪ್ರಯೋಜನ.

ದೇಹಕ್ಕೆ ದೊರೆಯುವುದೇನು?

ಟೊಮೇಟೊ ಮತ್ತು ಸೌತೆಕಾಯಿಗಳಲ್ಲಿ ಶೇಕಡ 95ರಷ್ಟು ನೀರೇ ಇರುತ್ತದೆ. ಆದುದರಿಂದ ಹೊಟ್ಟೆ ತುಂಬುವಷ್ಟು ತಿಂದರೂ ಅವುಗಳಿಂದ ಸೇರುವ ಕ್ಯಾಲೊರಿಗಳು ಅಲ್ಪ. ಹಸಿಯ ದೊಣ್ಣೆಮೆಣಸಿನಕಾಯಿಯಲ್ಲಿ ತೂಕಕ್ಕೆ ತೂಕ ಹೋಲಿಸಿದರೆ ಕಿತ್ತಳೆಗಿಂತ ಹೆಚ್ಚು 'ಸಿ' ಜೀವಸತ್ವವಿದೆ. ಈ ಜೀವಸತ್ವ ಶಾಖಕ್ಕೆ ನಾಶವಾಗುವಂಥದು. ಬೇಯಿಸದೆ ತಿನ್ನುವುದರ ಲಾಭ ಇಲ್ಲಿ ಸ್ಪಷ್ಟ. ಟೊಮೇಟೊವಿನ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೊಪೀನ್ ಎಂಬ ವಸ್ತು ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಸಲಾಡಿಗೆ ಸುರಿಯುವ ಎಣ್ಣೆ ರುಚಿಗೆ ಮಾತ್ರವಲ್ಲದೆ, ಇಂಥ ವಸ್ತುಗಳು ಕರುಳಿನಿಂದ ರಕ್ತಕ್ಕೆ ಸೇರುವುದಕ್ಕೂ ಸಹಾಯಕ. ಎಣ್ಣೆಯೇ ಇಲ್ಲದ ಸಲಾಡು ಹೆಚ್ಚು ಆರೋಗ್ಯಕರವೆಂಬ ನಂಬಿಕೆ ಸರಿಯಲ್ಲ.

ಹಾಗೆಂದು ಎಣ್ಣೆಗೆ ಮಿತಿಯಿಲ್ಲವೆಂದಲ್ಲ. ಒಂದು ದೊಡ್ಡ ಚಮಚ ಎಣ್ಣೆ, ಅದು ಆಲಿವಿನದಾಗಲಿ ಕಡಲೆಕಾಯಿಯದಾಗಲಿ, ಸುಮಾರು 120 ಕ್ಯಾಲೊರಿಗಳನ್ನು ಕೊಡುತ್ತದೆ. ಆಲಿವ್ ಎಣ್ಣೆಯ ವಿಶೇಷವೆಂದರೆ ಅದರ ಕೊಬ್ಬಿನ ಹೆಚ್ಚಿನ ಪಾಲು ಓಲೀಯಿಕ್ ಆಮ್ಲವಾಗಿರುವುದು. ತುಪ್ಪ-ಬೆಣ್ಣೆಗಳ ಬದಲು ಇಂಥ ಎಣ್ಣೆಯನ್ನು ಬಳಸಿದಾಗ ರಕ್ತದಲ್ಲಿನ ಹಾನಿಕರ ಕೊಲೆಸ್ಟರಾಲ್ ಇಳಿಯುತ್ತದೆ. ತುಪ್ಪವನ್ನು ಹಾಗೆಯೇ ಉಳಿಸಿಕೊಂಡು ಇದನ್ನೂ ಸೇರಿಸಿದರೆ ಮೈತೂಕ ಏರುವುದೊಂದೇ ಫಲ.

ತರಕಾರಿಗಳಲ್ಲಿ ಸಸಾರಜನಕ ಅತ್ಯಲ್ಪ. ಬರೀ ಸಲಾಡು ತಿಂದು ಮಲಗಿದವರಿಗೆ ನಡುರಾತ್ರಿ ಹಸಿವಾಗಿ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋಗುವುದು ಇದರಿಂದಲೇ. ಈ ಕೊರತೆಯನ್ನು ಕೋಳಿಮಾಂಸ ತುಂಬುತ್ತದೆ. ಚರ್ಮ ತೆಗೆದ ಎದೆಯ ಭಾಗದ 100 ಗ್ರಾಂ ಹಸಿಮಾಂಸದಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದ್ದು ಕೊಬ್ಬು ಬಹು ಕಡಿಮೆ.

ನಾಲ್ವರಿಗೆ ಬೇಕಾಗುವ ಸಾಮಗ್ರಿ

ಮೂಳೆ ಮತ್ತು ಚರ್ಮ ತೆಗೆದ ಕೋಳಿಯ ಎದೆಮಾಂಸ – 400 ಗ್ರಾಂ
ಗಟ್ಟಿಯಾದ ಕೆಂಪು ಟೊಮೇಟೊ – 400 ಗ್ರಾಂ
ಸೌತೆಕಾಯಿ – 300 ಗ್ರಾಂ
ಈರುಳ್ಳಿ – 100 ಗ್ರಾಂ
ಹಸಿರು ದೊಣ್ಣೆಮೆಣಸಿನಕಾಯಿ – 100 ಗ್ರಾಂ
ಆಲಿವ್ ಕಾಯಿ – 16ರಿಂದ 20
ಫೆಟಾ ಚೀಸು ಅಥವಾ ಪನೀರ್ – 100 ಗ್ರಾಂ
ಆಲಿವ್ ಎಣ್ಣೆ – 4 ದೊಡ್ಡ ಚಮಚ
ನಿಂಬೆಹಣ್ಣು – 2
ಬೆಳ್ಳುಳ್ಳಿ – 3 ಎಸಳು
ಒಣಗಿದ ಒರೆಗಾನೊ – 2 ಚಿಕ್ಕ ಚಮಚ
ಕರಿಮೆಣಸಿನ ಪುಡಿ, ಉಪ್ಪು

ಇದರಲ್ಲಿ ತಲೆಗೆ 225 ಗ್ರಾಂ ತರಕಾರಿ ದೊರೆಯುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರ ಅರ್ಧಕ್ಕಿಂತ ಹೆಚ್ಚು ಈ ಒಂದೇ ಊಟದಲ್ಲಿ ಸಲ್ಲುತ್ತದೆ. ಒಬ್ಬರ ಪಾಲಿಗೆ ಒಟ್ಟು ಸುಮಾರು 350ರಿಂದ 400 ಕ್ಯಾಲೊರಿಗಳಾಗುತ್ತವೆ. ಜೊತೆಗೆ ಒಂದೆರಡು ಚಪಾತಿಯೋ ಜೋಳದ ರೊಟ್ಟಿಯೋ ಇದ್ದರೆ ಊಟ ಸಂಪೂರ್ಣ.

ಸಿಗದ ಸಾಮಗ್ರಿಗೆ ಬದಲಿ

ಫೆಟಾ ದೊಡ್ಡ ಅಂಗಡಿಗಳಲ್ಲಿ ಸಿಕ್ಕರೂ ಬೆಲೆ ಹೆಚ್ಚು, ಉಪ್ಪೂ ಹೆಚ್ಚು. ಮನೆಯ ಪನೀರನ್ನು ದೊಡ್ಡ ಹೋಳುಗಳಾಗಿ ಕತ್ತರಿಸಿ, ನಿಂಬೆರಸ ಮತ್ತು ಸ್ವಲ್ಪ ಉಪ್ಪು ಕದಡಿದ ನೀರಿನಲ್ಲಿ ಮುಳುಗಿಸಿ ಎರಡು-ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಹುಳಿ-ಉಪ್ಪಿನ ರುಚಿ ಬರುತ್ತದೆ. ಅದು ಫೆಟಾ ಆಗದು. ಆದರೆ ಸಲಾಡಿಗೆ ಒಪ್ಪುತ್ತದೆ. ಆಲಿವ್ ಎಣ್ಣೆ ದುಬಾರಿಯೆನಿಸಿದವರು ಕಡಲೆಕಾಯಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಬಳಸಬಹುದು. ರುಚಿ ಬೇರೆಯಾದರೂ, ಹಸಿಯ ತರಕಾರಿಗೆ ಬೇಕಾದ ಜಿಡ್ಡಿನ ಕೆಲಸ ಅವುಗಳಿಂದಲೂ ನಡೆಯುತ್ತದೆ.

ಒರೆಗಾನೊವಿಗೆ ಬದಲಿ ಮನೆಯ ಕುಂಡದಲ್ಲಿಯೇ ಇರಬಹುದು. ತಂಬುಳಿಗೆ ಬಳಸುವ, ಮಕ್ಕಳ ಶೀತ-ಕೆಮ್ಮಿಗೆ ರಸ ಹಿಂಡುವ ದೊಡ್ಡಪತ್ರೆ ಒರೆಗಾನೊವಿನಂತೆಯೇ ತುಳಸಿ-ಪುದೀನಗಳ ಕುಟುಂಬಕ್ಕೆ ಸೇರಿದ್ದು. ಅವೆರಡರ ಘಾಟಿಗೂ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ತೈಲಾಂಶಗಳು. ಚೆನ್ನೈಯಲ್ಲಿ ಕರ್ಪೂರವಳ್ಳಿ ಎಂದೂ, ಹೈದರಾಬಾದಿನಲ್ಲಿ ವಾಮು ಆಕು ಎಂದೂ, ಮುಂಬಯಿ-ಪುಣೆಗಳಲ್ಲಿ ಓವ್ಯಾಚೆ ಪಾನ ಎಂದೂ ಕೇಳಿದರೆ ಇದರ ಒಂದು ಕಡ್ಡಿ ದೊರೆಯುತ್ತದೆ. ಅದನ್ನು ಗ್ಯಾಲರಿಯ ಕುಂಡದಲ್ಲಿ ನೆಟ್ಟರೆ ಸಾಕು, ತಾನೇ ಚಿಗುರುತ್ತದೆ. ಎಲೆ ರಸಭರಿತವಾದುದರಿಂದ ಒಂದೆರಡನ್ನು ಮಾತ್ರ ಸಣ್ಣಗೆ ಹೆಚ್ಚಿ ಬಳಸಬೇಕು; ಹೆಚ್ಚಾದರೆ ಘಾಟು ಮುಂದಾಗುತ್ತದೆ.

ಮೊದಲು ತರಕಾರಿ, ಅನಂತರ ಕೋಳಿ

ತಯಾರಿಕೆಯಲ್ಲಿ ಗೃಹಿಣಿಯರು ನೆನಪಿಡಬೇಕಾದ ಸೂತ್ರವಿದು. ಹಸಿಯ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಮುಂತಾದ ರೋಗಾಣುಗಳಿರುವ ಸಂಭವವುಂಟು. ಸಾರಿಗೆ ಹಾಕುವ ಕೋಳಿಯಲ್ಲಾದರೆ, ಅದೇ ಈಳಿಗೆಯಿಂದ ಹೆಚ್ಚಿದ ಈರುಳ್ಳಿಯೂ ಟೊಮೇಟೊವೂ ಕುದಿಯುವ ಪಾತ್ರೆಗೇ ಸೇರುವುದರಿಂದ ರೋಗಾಣುಗಳು ಸಾಯುತ್ತವೆ. ಸಲಾಡಿನಲ್ಲಿ ಆ ರಕ್ಷಣೆ ಇಲ್ಲ. ಕೋಳಿಯನ್ನು ಮುಟ್ಟಿದ ಕೈಯಿಂದ, ಚಾಕುವಿನಿಂದ, ಹಲಗೆಯಿಂದ ತರಕಾರಿಗೆ ದಾಟಿದ ರೋಗಾಣು ನೇರವಾಗಿ ಹೊಟ್ಟೆಯನ್ನೇ ಸೇರುತ್ತದೆ. ಬಾಣಲೆಯ ಕೋಳಿ ಎಷ್ಟು ಚೆನ್ನಾಗಿ ಬೆಂದರೂ ಪಕ್ಕದ ಸೌತೆಕಾಯಿ ಶುದ್ಧವಾಗದು.

ಆದುದರಿಂದ ಕೋಳಿಯ ಪೊಟ್ಟಣವನ್ನು ಬಿಚ್ಚುವ ಮುನ್ನವೇ ತರಕಾರಿಯ ಕೆಲಸವನ್ನು ಮುಗಿಸಬೇಕು. ತರಕಾರಿಗಳನ್ನು ಹೆಚ್ಚುವ ಮೊದಲೇ, ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಸುರಿಯುತ್ತ, ಒಂದೊಂದನ್ನೂ ಕೈಯಿಂದ ಉಜ್ಜಿ ತೊಳೆಯಬೇಕು. ಬರಿಯ ಉಪ್ಪುನೀರಿನಲ್ಲಿ ನೆನೆಸಿಟ್ಟರೆ ರೋಗಾಣುಗಳೆಲ್ಲ ಸಾಯುತ್ತವೆಂದು ನೆಚ್ಚಲಾಗದು. ಮಣ್ಣನ್ನೂ ಅದರಲ್ಲಿರಬಹುದಾದ ಲಾಡಿಹುಳುವಿನ ಮೊಟ್ಟೆಗಳನ್ನೂ ತೊಲಗಿಸುವುದು ಉಜ್ಜುವಿಕೆ ಮತ್ತು ಹರಿಯುವ ನೀರು. ಸೌತೆಯ ಸಿಪ್ಪೆ ತೆಗೆಯುವುದು ಲೇಸು. ತೊಳೆದವನ್ನು ಶುಭ್ರವಾದ ಒಣಬಟ್ಟೆಯಿಂದ ಒರೆಸಬೇಕು. ಒದ್ದೆಯ ತರಕಾರಿಗೆ ಎಣ್ಣೆ ಹತ್ತುವುದಿಲ್ಲ.

ಹೋಳುಗಳು ದೊಡ್ಡವಾಗಿರುವುದೇ ಗ್ರೀಕ್ ಸಲಾಡಿನ ಲಕ್ಷಣ. ಟೊಮೇಟೊವನ್ನು ಆರೆಂಟು ಭಾಗಗಳಾಗಿಯೂ, ಸೌತೆಯನ್ನು ಬೆರಳು ದಪ್ಪದ ಅರೆಬಿಲ್ಲೆಗಳಾಗಿಯೂ, ಈರುಳ್ಳಿ ಮತ್ತು ದೊಣ್ಣೆಮೆಣಸಿನಕಾಯಿಗಳನ್ನು ತೆಳುವಾದ ಬಳೆಗಳಾಗಿಯೂ ಹೆಚ್ಚಬೇಕು. ಹೋಳು ದೊಡ್ಡದಾದಷ್ಟೂ ಗಾಳಿಗೆ ತೆರೆದ ಭಾಗ ಕಡಿಮೆಯಾಗಿ 'ಸಿ' ಜೀವಸತ್ವ ಉಳಿಯುತ್ತದೆ. ಹೆಚ್ಚಿದ್ದನ್ನು ಮುಚ್ಚಿ ಫ್ರಿಜ್ಜಿನ ಮೇಲಿನ ಅಂತಸ್ತಿನಲ್ಲಿಡಬೇಕು. ಈ ಹಂತದಲ್ಲಿ ಉಪ್ಪು ಸೋಕಬಾರದು.

ಕೋಳಿಯನ್ನು ಬೇಯಿಸುವ ಬಗೆ

ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ರೂಢಿ ಅನೇಕ ಮನೆಗಳಲ್ಲುಂಟು. ಇದರಿಂದ ರೋಗಾಣುಗಳು ಸಾಯುವುದಿಲ್ಲ. ಸಿಡಿಯುವ ಹನಿಗಳೊಡನೆ ತೊಟ್ಟಿಗೂ ಸುತ್ತಲಿನ ಪಾತ್ರೆಗಳಿಗೂ ಹರಡುತ್ತವೆ. ಅಂಗಡಿಯಲ್ಲಿ ಶುಚಿಮಾಡಿಸಿ ತಂದ ಮಾಂಸವನ್ನು ತೊಳೆಯದೆ ಬೇಯಿಸುವುದೇ ಸರಿ. ತೊಳೆಯದೆ ಮನಸ್ಸು ಒಪ್ಪದಿದ್ದರೆ ಪಾತ್ರೆಯೊಂದರ ನೀರಿನಲ್ಲಿ ಮೆಲ್ಲನೆ ಅದ್ದಿ ತೆಗೆದು, ಆ ನೀರನ್ನು ಸಿಡಿಯದಂತೆ ಚೆಲ್ಲಿ, ತೊಟ್ಟಿಯನ್ನು ಸಾಬೂನು ಮತ್ತು ಬಿಸಿನೀರಿನಿಂದ ಉಜ್ಜಬೇಕು.

ಮಾಂಸವನ್ನು ಎರಡು ಸೆಂಟಿಮೀಟರಿಗಿಂತ ದಪ್ಪವಿರದ ಹೋಳುಗಳಾಗಿ ಮಾಡಿ, ಒಂದು ನಿಂಬೆಹಣ್ಣಿನ ರಸ, ಜಜ್ಜಿದ ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಎಣ್ಣೆ, ಅರ್ಧದಷ್ಟು ಒರೆಗಾನೊ, ಕರಿಮೆಣಸು ಮತ್ತು ಚಿಟಿಕೆ ಉಪ್ಪು ಸವರಿ, ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಅರ್ಧ ಗಂಟೆ ಇಡಬೇಕು. ಕೆಳಗಿಡುವ ಕಾರಣ ಸ್ಪಷ್ಟ: ರಸ ತೊಟ್ಟಿಕ್ಕಿದರೂ ಇತರ ಆಹಾರದ ಮೇಲೆ ಬೀಳದು. ಆ ಬಿಡುವಿನಲ್ಲಿ ಕೈ, ಚಾಕು, ಹಲಗೆಗಳನ್ನು ಸಾಬೂನಿನಿಂದ ತೊಳೆದಿಡಬೇಕು.

ದಪ್ಪ ತಳದ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಹೋಳುಗಳನ್ನು ಹರಡಿ, ಒಂದೊಂದು ಮಗ್ಗುಲನ್ನೂ ಐದಾರು ನಿಮಿಷ ಬೇಯಿಸಬೇಕು.  ಎಲ್ಲಕ್ಕಿಂತ ದಪ್ಪವಾದ ಹೋಳನ್ನು ನಡುವೆ ಸೀಳಿ ನೋಡಿದಾಗ ಗುಲಾಬಿ ಬಣ್ಣ ಕಾಣಬಾರದು. ಒಸರುವ ರಸ ತಿಳಿಯಾಗಿರಬೇಕು. ಅಡುಗೆಯ ತಾಪಮಾಪಕವಿದ್ದವರು ಹೋಳಿನ ಒಳಭಾಗ 74 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದೆಯೇ ಎಂದು ಪರೀಕ್ಷಿಸಬಹುದು. ಕಣ್ಣಂದಾಜಿಗಿಂತ ಅದು ಖಚಿತ. ಬೆಂದುದನ್ನು ಹಸಿಮಾಂಸವಿಟ್ಟಿದ್ದ ತಟ್ಟೆಗೆ ಮರಳಿ ಹಾಕಬಾರದು. ಪಾತ್ರೆಯಲ್ಲಿ ಉಳಿದ ಮಸಾಲೆಯ ರಸವನ್ನು ಚೆಲ್ಲಬೇಕೇ ಹೊರತು ಸಲಾಡಿನ ಮೇಲೆ ಸುರಿಯಬಾರದು. ಐದು ನಿಮಿಷ ತಣಿದ ಮೇಲೆ ಎಳೆಗಳಿಗೆ ಅಡ್ಡಲಾಗಿ ತೆಳ್ಳಗೆ ಕತ್ತರಿಸಿದರೆ ಮಾಂಸ ಮೃದುವಾಗಿರುತ್ತದೆ.

ಜೋಡಿಸುವುದು

ಅಗಲವಾದ ಬಟ್ಟಲಿನಲ್ಲಿ ತರಕಾರಿಗಳನ್ನು ಹರಡಿ, ಅವುಗಳ ಮೇಲೆ ಕೋಳಿಯ ಹೋಳುಗಳನ್ನೂ ಆಲಿವ್ ಕಾಯಿಗಳನ್ನೂ ಇಟ್ಟು, ಉಳಿದ ಎಣ್ಣೆ ಮತ್ತು ಇನ್ನೊಂದು ನಿಂಬೆಯ ರಸವನ್ನು ಸುರಿಯಬೇಕು. ಎಲ್ಲದರ ಮೇಲೆ ಫೆಟಾ ಅಥವಾ ಪನೀರ್, ಅದರ ಮೇಲೆ ಉಳಿದ ಒರೆಗಾನೊ. ಉಪ್ಪು ಬಡಿಸುವ ಕ್ಷಣದಲ್ಲಿ ಮಾತ್ರ. ಕೋಸಂಬರಿಗೆ ಮೊದಲೇ ಉಪ್ಪು ಬೆರೆಸಿದರೆ ನೀರು ಬಿಡುತ್ತದೆಂಬುದು ಪ್ರತಿಯೊಬ್ಬ ಕನ್ನಡ ಗೃಹಿಣಿಗೂ ಗೊತ್ತು. ಉಪ್ಪು ತರಕಾರಿಯ ಜೀವಕೋಶಗಳೊಳಗಿನ ನೀರನ್ನು ಹೊರಕ್ಕೆ ಸೆಳೆಯುವುದೇ ಇದಕ್ಕೆ ಕಾರಣ. ಗ್ರೀಕರ ಸಲಾಡಿಗೂ ಅದೇ ನಿಯಮ. ತಳದಲ್ಲಿ ಉಳಿಯುವ ಹುಳಿ-ಎಣ್ಣೆಯ ರಸವನ್ನು ಗ್ರೀಕರು ಬ್ರೆಡ್ಡಿನಿಂದ ಒರೆಸಿ ತಿನ್ನುತ್ತಾರೆ. ಚಪಾತಿಯ ಚೂರಿನಿಂದಲೂ ಆ ಕೆಲಸ ನಡೆದೀತು.

ಸಸ್ಯಾಹಾರಿಗಳು ಕೋಳಿಮಾಂಸದ ಸ್ಥಾನದಲ್ಲಿ ರಾತ್ರಿ ನೆನೆಹಾಕಿ ಮೆತ್ತಗೆ ಬೇಯಿಸಿದ ಕಾಬೂಲಿ ಕಡಲೆಯನ್ನು ಬಳಸಬಹುದು. ಕೋಳಿಮಾಂಸದಲ್ಲಿ ಇಲ್ಲದ ನಾರಿನಂಶ ಆಗ ಸಾಕಷ್ಟು ಸೇರುತ್ತದೆ. ಮಾಂಸಾಹಾರಿಗಳೂ ಅರ್ಧ ಕೋಳಿ, ಅರ್ಧ ಕಡಲೆ ಬೆರೆಸಿದರೆ ಕ್ರೀಟಿನ ಊಟಕ್ಕೆ ಇನ್ನಷ್ಟು ಹತ್ತಿರವಾದಂತೆ.

ಎಚ್ಚರಿಕೆ ವಹಿಸಬೇಕಾದವರು

ರಕ್ತದೊತ್ತಡವುಳ್ಳವರಿಗೆ ಇಲ್ಲಿ ಕಾಣದ ಉಪ್ಪಿನ ಭಯವಿದೆ. ದಿನವೊಂದಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಫೆಟಾ ಮತ್ತು ಆಲಿವ್ ಕಾಯಿಗಳೆರಡೂ ಉಪ್ಪುನೀರಿನಲ್ಲಿ ಮಿಂದು ಬಂದವು. ಅವನ್ನು ಸಾದಾ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಬಳಸಬೇಕು. ಮೇಲೆ ಬೇರೆ ಉಪ್ಪು ಬೇಡ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ರಾತ್ರಿಯ ಅನ್ನ-ಚಪಾತಿಗಳನ್ನು ಒಮ್ಮೆಲೇ ಬಿಟ್ಟು ಬರೀ ಸಲಾಡಿಗೆ ಇಳಿಯಬಾರದು. ಔಷಧದ ಪ್ರಮಾಣ ಹಳೆಯದೇ ಇದ್ದು ಪಿಷ್ಟ ಮಾತ್ರ ಇಲ್ಲವಾದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ವೈದ್ಯರಿಗೆ ತಿಳಿಸಿ ಕ್ರಮೇಣ ಬದಲಾಯಿಸುವುದು ಯುಕ್ತ. ಮೂತ್ರಪಿಂಡದ ರೋಗವುಳ್ಳವರಿಗೆ ಸಸಾರಜನಕಕ್ಕೂ ಟೊಮೇಟೊವಿನಲ್ಲಿರುವ ಪೊಟ್ಯಾಸಿಯಮ್ಮಿಗೂ ಮಿತಿಯಿರಬಹುದು. ಅವರೂ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು ಇರುವ ಮನೆಗಳಲ್ಲಿ ಶುಚಿತ್ವದ ನಿಯಮಗಳನ್ನು ಎಳ್ಳಷ್ಟೂ ಸಡಿಲಿಸಬಾರದು. ಮಳೆಗಾಲದಲ್ಲಿ ನಲ್ಲಿಯ ನೀರು ಕದಡಿ ಬರುವ ದಿನಗಳಲ್ಲಿ ತರಕಾರಿಯನ್ನು ಕುದಿಸಿ ಆರಿಸಿದ ನೀರಿನಿಂದ ತೊಳೆಯಬೇಕು. ಅದು ಸಾಧ್ಯವಾಗದಿದ್ದರೆ ಹಸಿಯದನ್ನು ಬಿಟ್ಟು ಬೇಯಿಸಿದ ಪಲ್ಯವನ್ನೇ ಉಣ್ಣಬೇಕು. ಒಂದು ವಾರದ 'ಸಿ' ಜೀವಸತ್ವಕ್ಕಾಗಿ ವಿಷಮಶೀತ ಜ್ವರವನ್ನೋ ಕಾಮಾಲೆಯನ್ನೋ ಬರಮಾಡಿಕೊಳ್ಳುವುದು ಜಾಣತನವಲ್ಲ.

ಕೊನೆಯ ಮಾತು ಡಬ್ಬಿಯನ್ನು ಕುರಿತದ್ದು. ಉಳಿದ ಸಲಾಡನ್ನು ಮರುದಿನ ಕಚೇರಿಗೆ ಕಟ್ಟಿಕೊಡುವ ಆಸೆ ಸಹಜವಾದರೂ ಅದನ್ನು ತಡೆಯಬೇಕು. ಬೆಂದ ಕೋಳಿಮಾಂಸ ಹೊರಗೆ ಎರಡು ಗಂಟೆಗಿಂತ ಹೆಚ್ಚು ಕಾಲ ಇರಬಾರದು; ಬೇಸಗೆಯ ಸೆಕೆಯಲ್ಲಿ ಒಂದೇ ಗಂಟೆ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟ ಡಬ್ಬಿ ಒಂದು ಗಂಟೆಗೆ ತೆರೆಯುವಷ್ಟರಲ್ಲಿ ರೋಗಾಣುಗಳು ಬೆಳೆಯಲು ಬೇಕಾದಷ್ಟು ಕಾಲ ಸಿಕ್ಕಿರುತ್ತದೆ. ಇದು ಮಾಡಿದಾಗಲೇ ತಿನ್ನಬೇಕಾದ, ಮನೆಯವರೆಲ್ಲ ಒಟ್ಟಿಗೆ ಕೂತು ಮುಗಿಸಬೇಕಾದ ಊಟ. ವಾರಕ್ಕೊಮ್ಮೆಯೋ ಎರಡು ಸಲವೋ, ರಾತ್ರಿ ಎಂಟು ಗಂಟೆಯೊಳಗೆ ಎಲ್ಲರೂ ಮನೆಯಲ್ಲಿರುವ ದಿನವನ್ನು ಇದಕ್ಕೆ ಆರಿಸಿಕೊಂಡು, ತರಕಾರಿ ತೊಳೆಯುವುದನ್ನು ಒಬ್ಬರೂ ಕಾವಲಿಯ ಮುಂದೆ ನಿಲ್ಲುವುದನ್ನು ಇನ್ನೊಬ್ಬರೂ ವಹಿಸಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ತರಕಾರಿಯ ಕೈ ಮತ್ತು ಕೋಳಿಯ ಕೈ ಬೇರೆ ಬೇರೆಯಾಗಿಯೇ ಉಳಿಯುತ್ತವೆ.